ಯಾವ ತಾರೀಖು ಹಿಡಿದು ಕೇಳಬೇಕು? ಎಲ್‌ಪಿ ಸಂಗ್ರಹಕ್ಕೆ ನಾಲ್ಕು ಕಾಲಕ್ರಮಗಳ ಹೋಲಿಕೆ

ಕಪಾಟಿನಲ್ಲಿರುವ ಎಲ್‌ಪಿಗಳನ್ನೆಲ್ಲ (ಲಾಂಗ್ ಪ್ಲೇ ಗ್ರಾಮಫೋನ್ ತಟ್ಟೆಗಳನ್ನು) ಹಳೆಯದರಿಂದ ಶುರುಮಾಡಿ ಹೊಸದರವರೆಗೆ ಒಂದೊಂದಾಗಿ ಕೇಳೋಣ ಅಂತ ಹೊರಟರೆ ಮೊದಲ ತಟ್ಟೆ ತೆಗೆಯುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ. ಯಾವ ತಾರೀಖಿನ ಪ್ರಕಾರ ಜೋಡಿಸಬೇಕು? ಸ್ಟುಡಿಯೋದಲ್ಲಿ ರೆಕಾರ್ಡ್ ಆದ ದಿನವೋ, ತಟ್ಟೆ ಬಿಡುಗಡೆಯಾದ ದಿನವೋ, ನಮ್ಮ ಕೈಲಿರುವ ಪ್ರತಿ ಅಚ್ಚಾದ ವರ್ಷವೋ, ನಾವು ಅದನ್ನು ಕೊಂಡ ಕಾಲವೋ? ನನ್ನ ಸಂಗ್ರಹದಲ್ಲಿ ಜಾಝ್ ಜಾಸ್ತಿ. ಜೊತೆಗೆ ಹಳೆಯ ಬ್ಲೂಸ್, ಹಿಂದೂಸ್ತಾನಿ, ರಾಕ್, ಒಂದಷ್ಟು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಇದೆ. ಈ ನಾಲ್ಕೂ ಕ್ರಮದಲ್ಲಿ ಅದನ್ನು ಕೇಳಿ ನೋಡಿದ್ದೇನೆ. ತಟ್ಟೆಗಳು ಅವೇ ಆದರೂ ಕೇಳಿಸುವ ಕಥೆ ಪ್ರತಿ ಸಲವೂ ಬೇರೆ.

ಸುಮ್ನೆ ಮನಸ್ಸಿಗೆ ಬಂದದ್ದನ್ನು ಹಾಕಿಕೊಂಡು ಕೇಳಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಹಾಗೆ ಕೇಳುವಾಗ ಕೈ ಮತ್ತೆ ಮತ್ತೆ ಅವೇ ಕೆಲವು ಕವರ್‌ಗಳ ಕಡೆ ಹೋಗುತ್ತದೆ. ಉಳಿದವು ವರ್ಷಗಟ್ಟಲೆ ಕಪಾಟು ಬಿಟ್ಟು ಹೊರಗೆ ಬರುವುದೇ ಇಲ್ಲ. ಅಕ್ಷರಕ್ರಮದಲ್ಲಿ ಕೇಳಿದರೆ ಒಬ್ಬರದೇ ತಟ್ಟೆಗಳು ಸಾಲಾಗಿ ಬಂದು ಕಿವಿ ದಣಿಯುತ್ತದೆ. ಅಕ್ಕಪಕ್ಕ ಬರುವ ಇಬ್ಬರಿಗೆ ಹೆಸರಿನ ಮೊದಲಕ್ಷರ ಬಿಟ್ಟು ಬೇರೆ ನಂಟು ಇರುವುದಿಲ್ಲ. ಕಾಲಕ್ರಮದಲ್ಲಿ ಹಾಗಲ್ಲ. ಈಗ ಕೇಳಿದ ತಟ್ಟೆ ಮುಂದಿನ ತಟ್ಟೆಯನ್ನು ಕೇಳುವ ರೀತಿಯನ್ನೇ ಬದಲಿಸುತ್ತದೆ. ಪಕ್ಕದ ತಟ್ಟೆ ಯಾವುದು ಅನ್ನುವುದೇ ಇಲ್ಲಿ ಮುಖ್ಯ. ತಾರೀಖಿನ ಆಯ್ಕೆಗೆ ಇಷ್ಟು ತೂಕ ಬರುವುದು ಅದಕ್ಕೇ.

ಮೊದಲು ರೆಕಾರ್ಡ್ ಆದ ದಿನದ ಕ್ರಮ. ಕಲಾವಿದ ಹೇಗೆ ಬೆಳೆದ ಅಂತ ತಿಳಿಯಬೇಕಿದ್ದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತಮ್ಮ ಮೂವರು ಸಂಗಡಿಗರ ಜೊತೆ 1963ರ ಮಾರ್ಚ್ 6ರಂದು ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ನುಡಿಸಿದ ಸಂಗೀತ ಎಲ್‌ಪಿಯಾಗಿ ಹೊರಬಂದದ್ದು 2018ರಲ್ಲಿ. ಅದೇ ನಾಲ್ವರು ಮರುದಿನ, ಮಾರ್ಚ್ 7ರಂದು, ಅದೇ ಸ್ಟುಡಿಯೋದಲ್ಲಿ ಗಾಯಕ ಜಾನಿ ಹಾರ್ಟ್‌ಮನ್ ಜೊತೆ ನಿಧಾನ ಗತಿಯ ಪ್ರೇಮಗೀತೆಗಳನ್ನು ರೆಕಾರ್ಡ್ ಮಾಡಿದರು. ಅದು ಅದೇ ವರ್ಷ ಬಿಡುಗಡೆಯಾಯಿತು. ಬಿಡುಗಡೆಯ ಕ್ರಮದಲ್ಲಿ ಈ ಎರಡರ ನಡುವೆ 55 ವರ್ಷಗಳ ಅಂತರ. ರೆಕಾರ್ಡ್ ಆದ ಕ್ರಮದಲ್ಲಿ ಒಂದು ರಾತ್ರಿಯ ಅಂತರ ಅಷ್ಟೇ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಮೊದಲ ದಿನ ಎಲ್ವಿನ್ ಜೋನ್ಸ್ ಡ್ರಮ್ಸ್ ಮೇಲೆ ಎಬ್ಬಿಸುವ ಬಿರುಗಾಳಿ, ಮರುದಿನ ಅದೇ ಕೈಯಲ್ಲಿ ಬ್ರಷ್ ಹಿಡಿದು ಪಿಸುಗುಟ್ಟುವ ತಾಳ. ಕೋಲ್ಟ್ರೇನ್ ಆ ಹಾಡುಗಳಲ್ಲಿ ಒಂದು ಸ್ವರವನ್ನೂ ಜಾಸ್ತಿ ನುಡಿಸುವುದಿಲ್ಲ. ಶಕ್ತಿ ಸಾಲದೆ ಮೆಲ್ಲಗೆ ನುಡಿಸಿದ್ದಲ್ಲ, ಬೇಕೆಂದೇ ಹಿಡಿತ ಇಟ್ಟುಕೊಂಡದ್ದು ಅಂತ ಆಗ ಸ್ಪಷ್ಟವಾಗಿ ಕೇಳಿಸುತ್ತದೆ. ಇಷ್ಟೊಂದು ಪ್ರೀತಿಯಿಂದ ನಾನು ಕೇಳಿದ ಜೋಡಿ ನನ್ನ ಕಪಾಟಿನಲ್ಲಿ ಬೇರೊಂದಿಲ್ಲ.

ಈ ಕ್ರಮದ ಇನ್ನೊಂದು ದೊಡ್ಡ ಲಾಭ, ಹಾಡು ಉದ್ದವಾಗುತ್ತಾ ಹೋಗುವುದು ಕಿವಿಗೇ ತಿಳಿಯುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷಕ್ಕಿಂತ ತುಸು ಜಾಸ್ತಿ ಹಿಡಿಯುತ್ತಿತ್ತು. ಉಸ್ತಾದ್ ಅಬ್ದುಲ್ ಕರೀಂ ಖಾನರು ತೀರಿಕೊಂಡದ್ದು 1937ರಲ್ಲಿ. ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ತಂದದ್ದು 1948ರಲ್ಲಿ. ಅಂದರೆ ಅವರ ಎಲ್‌ಪಿ ಯಾವುದೇ ಇರಲಿ, ಅದು 78ರ ತಟ್ಟೆಗಳಿಂದ ಎತ್ತಿದ್ದೇ. ಆ ಮೂರು ನಿಮಿಷದಲ್ಲಿ ರಾಗ ನೇರವಾಗಿ ಬಂದು ನಿಲ್ಲುತ್ತದೆ, ಕಾಯಲು ಪುರುಸೊತ್ತಿಲ್ಲ. ಅಲ್ಲಿಂದ ಮುಂದೆ ಬಂದು 1955ರಲ್ಲಿ ಅಮೆರಿಕದಲ್ಲಿ ಹೊರಬಂದ ಉಸ್ತಾದ್ ಅಲಿ ಅಕ್ಬರ್ ಖಾನರ ಎಲ್‌ಪಿ ಹಾಕಿದರೆ, ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಪರಿಚಯದ ಮಾತು ಮುಗಿದ ಮೇಲೆ ಸರೋದ್ ನಿಧಾನಕ್ಕೆ ಬಾಗಿಲು ತೆರೆಯುತ್ತದೆ. ಸೈಡಿಗೊಂದು ರಾಗ. ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ‘ಮೂಡ್ ಇಂಡಿಗೋ’ ವಿಷಯದಲ್ಲೂ ಹೀಗೇ. 1930ರಲ್ಲಿ ಸುಮಾರು ಮೂರು ನಿಮಿಷಕ್ಕೆ ಮುಗಿದಿದ್ದ ರಚನೆ, 1950ರ ಡಿಸೆಂಬರಿನಲ್ಲಿ ಎಲ್‌ಪಿಗೆಂದು ರೆಕಾರ್ಡ್ ಮಾಡಿದಾಗ 15 ನಿಮಿಷಕ್ಕೆ ಹಿಗ್ಗಿತು. ತಟ್ಟೆಯಲ್ಲಿ ಜಾಗ ಸಿಕ್ಕ ಕೂಡಲೇ ಸಂಗೀತಗಾರರು ಅದನ್ನು ಏನು ಮಾಡಿದರು ಅನ್ನುವುದು ಇಲ್ಲಿ ಪುಸ್ತಕ ಓದದೆಯೇ ಗೊತ್ತಾಗುತ್ತದೆ.

ತೊಂದರೆ ಇರುವುದು ಬೇರೆ ಕಡೆ. ರೆಕಾರ್ಡ್ ಆದ ದಿನಗಳಿಗೂ ಎಲ್‌ಪಿಗೂ ಯಾವಾಗಲೂ ಹೊಂದಿಕೆ ಇರುವುದಿಲ್ಲ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರು ಕೊಲಂಬಿಯಾಗೆ ಹೋಗುವ ಮುಂಚೆ ಪ್ರೆಸ್ಟೀಜ್ ಕಂಪನಿಯ ಒಪ್ಪಂದದ ಬಾಕಿ ತೀರಿಸಲು 1956ರ ಮೇ 11 ಮತ್ತು ಅಕ್ಟೋಬರ್ 26ರಂದು ಒಂದೇ ಸಮನೆ ನುಡಿಸಿದರು. ಆ ಎರಡು ದಿನದ ಸಂಗೀತವನ್ನು ಕಂಪನಿ ನಾಲ್ಕು ಎಲ್‌ಪಿ ಮಾಡಿ 1957ರಿಂದ 1961ರವರೆಗೆ ಹಂಚಿ ಹಂಚಿ ಬಿಟ್ಟಿತು. ಕೆಲವು ತಟ್ಟೆಗಳಲ್ಲಿ ಎರಡೂ ದಿನದ ಹಾಡುಗಳು ಬೆರೆತಿವೆ. ಕ್ರಮವನ್ನು ಚಾಚೂತಪ್ಪದೆ ಪಾಲಿಸಬೇಕಿದ್ದರೆ ಒಂದು ತಟ್ಟೆಯ ಅರ್ಧ ಕೇಳಿ, ಎತ್ತಿ, ಇನ್ನೊಂದು ಹಾಕಿ, ಮತ್ತೆ ಮೊದಲಿನದಕ್ಕೆ ಬರಬೇಕು. ಹಾಗೆ ಮಾಡಿದರೆ ಎಲ್‌ಪಿ ಎಲ್‌ಪಿಯಾಗಿ ಉಳಿಯುವುದಿಲ್ಲ. ಸೈಡ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು ಅಂತ ಯಾರೋ ಯೋಚಿಸಿ ಜೋಡಿಸಿರುತ್ತಾರೆ. ಅದನ್ನು ಕತ್ತರಿಸಲು ನನಗೆ ಮನಸ್ಸು ಬರುವುದಿಲ್ಲ. ಹಲವು ವರ್ಷದ ಹಾಡುಗಳನ್ನು ಕೂಡಿಸಿದ ಸಂಕಲನಗಳ ವಿಷಯವಂತೂ ಕೇಳುವುದೇ ಬೇಡ.

ಪಾಶ್ಚಾತ್ಯ ಶಾಸ್ತ್ರೀಯ ತಟ್ಟೆಗಳನ್ನು ರಚನೆಯಾದ ಕಾಲದ ಪ್ರಕಾರ ಇಡುವವರೂ ಇದ್ದಾರೆ. ನನಗೆ ಅದು ಹಿಡಿಸಲಿಲ್ಲ. ಬಾಖ್ ಅವರ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲೊಮ್ಮೆ, 1981ರಲ್ಲೊಮ್ಮೆ ರೆಕಾರ್ಡ್ ಮಾಡಿದರು. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು ಸುಮಾರು 51. ರಚನೆಯ ಕಾಲ ಹಿಡಿದರೆ ಎರಡೂ ಒಂದೇ ಕಡೆ ಬಂದು ಕೂರುತ್ತವೆ, ಬರೀ ಹೋಲಿಕೆಯ ವಸ್ತುವಾಗುತ್ತವೆ. ನಡುವಿನ 26 ವರ್ಷಗಳ ಉಳಿದ ತಟ್ಟೆಗಳನ್ನೆಲ್ಲ ಕೇಳಿ, ಆಮೇಲೆ ಆ ಎರಡನೆಯದರ ಆರಂಭದ ಭಾಗವಾದ ಆರಿಯಾಕ್ಕೆ ಬಂದಾಗ ಅದರ ನಿಧಾನ ಬೇರೆಯೇ ಭಾರದಿಂದ ತಾಗುತ್ತದೆ.

ಈಗ ಬಿಡುಗಡೆಯ ಕ್ರಮ. ರೆಕಾರ್ಡ್ ಆದ ದಿನ ನುಡಿಸಿದವನ ಕಡೆಯದು, ಬಿಡುಗಡೆ ಕೇಳಿದವನ ಕಡೆಯದು. ಕಪಾಟಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸಂಗೀತ ಹೇಗೆ ದಾಟಿತು ಅಂತ ನೋಡಬೇಕಿದ್ದರೆ ಈ ಎರಡನೆಯದೇ ಬೇಕು. ಬ್ಲೂಸ್ ಗಾಯಕ, ಗಿಟಾರ್ ವಾದಕ ರಾಬರ್ಟ್ ಜಾನ್ಸನ್ 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ, 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಹಾಡಿ ರೆಕಾರ್ಡ್ ಮಾಡಿದರು. 1938ರಲ್ಲಿ ತೀರಿಕೊಂಡರು. ಆಗ ಬಂದ 78ರ ತಟ್ಟೆಗಳು ಹೆಚ್ಚು ದೂರ ಹೋಗಲಿಲ್ಲ. ಕೊಲಂಬಿಯಾ ಆ ಹಾಡುಗಳನ್ನು ಎಲ್‌ಪಿಯಾಗಿ ತಂದದ್ದು 1961ರಲ್ಲಿ. ಮುಂದೆ ಬ್ರಿಟಿಷ್ ರಾಕ್‌ನ ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್, ಕೀತ್ ರಿಚರ್ಡ್ಸ್ ಅಂಥ ಹುಡುಗರ ಕಿವಿಗೆ ಬಿದ್ದದ್ದು ಈ ಎಲ್‌ಪಿ. ರೆಕಾರ್ಡ್ ಕ್ರಮದಲ್ಲಿ ಜಾನ್ಸನ್ ತಮ್ಮಿಂದ ಕಲಿತವರೆಲ್ಲರಿಗಿಂತ ಬಹಳ ಮುಂದೆ, ಒಂಟಿಯಾಗಿ, ಎಲ್‌ಪಿ ಅನ್ನುವುದೇ ಹುಟ್ಟದ ಕಾಲದಲ್ಲಿ ನಿಲ್ಲುತ್ತಾರೆ. ಬಿಡುಗಡೆಯ ಕ್ರಮದಲ್ಲಿ 1960ರ ದಶಕದ ಬ್ರಿಟಿಷ್ ರಾಕ್‌ನ ಬಾಗಿಲಲ್ಲೇ ನಿಲ್ಲುತ್ತಾರೆ. ಅವರ ತಟ್ಟೆ ಕೇಳಿದ ವಾರದಲ್ಲೇ ಅವರಿಂದ ಕಲಿತವರ ತಟ್ಟೆಗಳು ಬರುತ್ತವೆ. ಎರಡನೆಯದರಲ್ಲಿ ಆ ಗಿಟಾರ್ ಎಲ್ಲಿಗೆ ಹೋಯಿತು ಅಂತ ಕೇಳಿಸುತ್ತದೆ, ಅಲ್ವಾ?

ಬಿಡುಗಡೆಯ ಕ್ರಮದಲ್ಲಿ ಒಂದೊಂದು ತಟ್ಟೆಯೂ ಇಡಿಯಾಗಿ ಉಳಿಯುತ್ತದೆ, ಅದು ನನಗೆ ದೊಡ್ಡ ಸಮಾಧಾನ. ಆದರೆ ಕಂಪನಿಗಳ ಲೆಕ್ಕಾಚಾರ ಕೆಲವು ಕಡೆ ಕಾಲವನ್ನು ತಿರುವುಮುರುವು ಮಾಡುತ್ತದೆ. ಮೈಲ್ಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಕೇಳಿ ಮುಗಿಸಿದ ಮೇಲೆ, 1961ರ ಜಾಗದಲ್ಲಿ 1956ರ ಆ ಪ್ರೆಸ್ಟೀಜ್ ಸಂಗೀತ ಮತ್ತೆ ಬರುತ್ತದೆ. ಕೇಳುವವನಿಗೆ ವಾದ್ಯಗಾರ ಹಿಂದಕ್ಕೆ ನಡೆದಂತೆ ಅನ್ನಿಸುತ್ತದೆ. ಬೀಟಲ್ಸ್ ತಂಡದ ಕೊನೆಯ ಎರಡು ಎಲ್‌ಪಿಗಳಲ್ಲೂ ಇದೇ ಕಥೆ. 1970ರಲ್ಲಿ ಬಂದದ್ದರ ಬಹುಪಾಲು 1969ರ ಜನವರಿಯದು, ಅಂದರೆ 1969ರ ಸೆಪ್ಟೆಂಬರಿನಲ್ಲಿ ಬಂದದ್ದಕ್ಕಿಂತ ಮುಂಚಿನದು.

ತಾರೀಖು ಹುಡುಕುವ ಕೆಲಸದಲ್ಲೂ ಎರಡಕ್ಕೂ ವ್ಯತ್ಯಾಸ ಇದೆ. ಜಾಝ್ ತಟ್ಟೆಗಳ ಹಿಂಬದಿಯ ಬರಹದಲ್ಲಿ ರೆಕಾರ್ಡ್ ಆದ ದಿನ ಸಿಗುವುದುಂಟು. ರಾಕ್ ತಟ್ಟೆಗಳಲ್ಲಿ ಅಪರೂಪ. ಬಿಡುಗಡೆಯ ವರ್ಷಕ್ಕೆ ಲೇಬಲ್ ಮೇಲೆ ವೃತ್ತದೊಳಗಿನ ‘ಪಿ’ ಗುರುತಿನ ಪಕ್ಕ ನೋಡಬೇಕು. ಆದರೆ ಅಮೆರಿಕದ ಕಾನೂನಿನಲ್ಲಿ ಆ ಗುರುತು ಬಂದದ್ದು 1972ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ತಟ್ಟೆಗಳಲ್ಲಿ ವರ್ಷವೇ ಇಲ್ಲ. ಮರುಮುದ್ರಣದಲ್ಲಿ ಕಾಣುವ ವರ್ಷ ಮೊದಲ ಬಿಡುಗಡೆಯದೇ ಆಗಬೇಕೆಂದೂ ಇಲ್ಲ. ಕ್ಯಾಟಲಾಗ್ ನಂಬರನ್ನು ತಟ್ಟೆಗಳ ವಿವರ ಇರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಹಾಕಿ ನೋಡುವುದೇ ನೇರ ದಾರಿ.

ಮೂರನೆಯದು, ನಮ್ಮ ಕೈಲಿರುವ ಪ್ರತಿ ಅಚ್ಚಾದ ವರ್ಷ. ಸಂಗೀತಕ್ಕಿಂತ ಸದ್ದಿನ ಕಡೆ ಕಿವಿ ಇರುವವರಿಗೆ ಇದು ಹಬ್ಬ. ಕೊನೆಯ ಹಾಡಿಗೂ ಲೇಬಲ್‌ಗೂ ನಡುವಿನ ಖಾಲಿ ಜಾಗದಲ್ಲಿ ಕೆತ್ತಿರುವ, ಅಚ್ಚನ್ನು ಗುರುತಿಸುವ ಮ್ಯಾಟ್ರಿಕ್ಸ್ ನಂಬರ್ ಓದಬೇಕು, ಲೇಬಲ್‌ನ ವಿನ್ಯಾಸ ಗುರುತಿಸಬೇಕು. ಹಾಗೆ ಜೋಡಿಸಿದರೆ 1954ಕ್ಕೆ ಹಿಂದಿನ ಪ್ರತಿಗಳು ಒಂದು ಗುಂಪಾಗುತ್ತವೆ. ಆಗಿನ್ನೂ ಆರ್‌ಐಎಎ ಈಕ್ವಲೈಸೇಷನ್ (ತಟ್ಟೆ ಕೆತ್ತುವಾಗ ಬಾಸ್, ಟ್ರೆಬಲ್ ಎಷ್ಟೆಷ್ಟು ಇರಬೇಕು ಅನ್ನುವ ಅಳತೆ) ಎಲ್ಲರಿಗೂ ಒಂದೇ ಅಂತ ಆಗಿರಲಿಲ್ಲ. ಕಂಪನಿಗೊಂದು ಅಳತೆ ಇತ್ತು. ಆ ಪ್ರತಿಗಳನ್ನು ಇಂದಿನ ಫೋನೋ ಸ್ಟೇಜ್‌ನಲ್ಲಿ (ತಟ್ಟೆಯ ಸದ್ದನ್ನು ಆಂಪ್ಲಿಫೈಯರ್‌ಗೆ ಹದಗೊಳಿಸುವ ಸಾಧನದಲ್ಲಿ) ಹಾಗೇ ಹಾಕಿದರೆ ಬಾಸ್, ಟ್ರೆಬಲ್ ಹದ ತಪ್ಪಿ ಕೇಳಿಸಬಹುದು. ಆಮೇಲೆ 1958ರ ಹೊತ್ತಿಗೆ ಸ್ಟೀರಿಯೋ ಎಲ್‌ಪಿ ಬರುತ್ತದೆ. 1970ರ ದಶಕಕ್ಕೆ ಬಂದರೆ ತಟ್ಟೆ ಕೈಯಲ್ಲೇ ತೆಳ್ಳಗಾಗುತ್ತದೆ. ವಿನೈಲ್ ತಯಾರಾಗುವುದು ಪೆಟ್ರೋಲಿಯಂನಿಂದ ತಾನೇ, 1973ರ ತೈಲ ಬಿಕ್ಕಟ್ಟು ಅದಕ್ಕೂ ತಟ್ಟಿತು. ಇತ್ತೀಚಿನ 180 ಗ್ರಾಂ ಮರುಮುದ್ರಣಗಳು ಮತ್ತೆ ದಪ್ಪ.

ಈ ಕ್ರಮದಿಂದ ನಾನು ಪಡೆದ ಒಂದು ವಿಷಯ ಬೇರೆಲ್ಲೂ ಸಿಗುತ್ತಿರಲಿಲ್ಲ. ‘ಕೈಂಡ್ ಆಫ್ ಬ್ಲೂ’ ಮೊದಲ ಸೈಡ್ ರೆಕಾರ್ಡ್ ಆದಾಗ ಟೇಪ್ ಯಂತ್ರ ತುಸು ನಿಧಾನಕ್ಕೆ ಓಡಿತ್ತು. ಆದ್ದರಿಂದ ಹಳೆಯ ಪ್ರತಿಗಳಲ್ಲಿ ಆ ಸೈಡ್ ತುಸು ಏರಿದ ಶ್ರುತಿಯಲ್ಲಿ ಕೇಳಿಸುತ್ತದೆ. ಸರಿಪಡಿಸಿದ್ದು 1992ರ ಮರುಮುದ್ರಣದಲ್ಲಿ. ಹಳೆಯ ಪ್ರತಿ ಒಂದು, ಸರಿಪಡಿಸಿದ ಟೇಪಿನಿಂದ ಬಂದ ಪ್ರತಿ ಒಂದು ಇದ್ದರೆ ಅವನ್ನು ಬೇರೆ ಬೇರೆ ಕಾಲದಲ್ಲೇ ಇಟ್ಟು ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಜಗತ್ತು ಕೇಳಿದ್ದು ಆ ಏರಿದ ಶ್ರುತಿಯನ್ನೇ. ಆದರೂ ಇಡೀ ಸಂಗ್ರಹಕ್ಕೆ ಈ ಕ್ರಮ ಸಲ್ಲದು. 1930ರ ಹಾಡಿನ ಮರುಮುದ್ರಣ 2010ರ ಹೊಸ ತಂಡದ ಪಕ್ಕ ಕೂತರೆ ಸಂಗೀತದ ಎಳೆಯೇ ಕೈ ತಪ್ಪುತ್ತದೆ.

ಕೊಂಡ ಕ್ರಮದ ಬಗ್ಗೆ ಹೇಳುವುದು ಕಮ್ಮಿ. ಮೊದಲಿನಿಂದ ಬರೆದಿಟ್ಟವರಿಗೆ ಮಾತ್ರ ಅದು ನೆಟ್ಟಗೆ ಸಾಗುತ್ತದೆ. ನೆನಪಿನ ಮೇಲೆ ಹೋದರೆ ಮೊದಲ ಕೆಲವು, ಕೊನೆಯ ಕೆಲವು ಖಚಿತ, ನಡುವಿನದೆಲ್ಲ ಅಂದಾಜು. ನನ್ನ ಕಿವಿ ರಾಕ್‌ನಿಂದ ಜಾಝ್‌ಗೆ ಯಾವ ಮೆಟ್ಟಿಲು ಹತ್ತಿ ಬಂತು ಅಂತ ನೋಡಲು ಚೆನ್ನಾಗಿತ್ತು. ಎರಡನೇ ಸಲ ಮಾಡಬೇಕು ಅಂತ ಅನ್ನಿಸಲಿಲ್ಲ.

ಇಡೀ ಕಪಾಟಿಗೆ ಬಿಡುಗಡೆಯ ಕ್ರಮ, ಒಬ್ಬ ಕಲಾವಿದನ ತಟ್ಟೆಗಳು ನಾಲ್ಕಾರು ಇದ್ದರೆ ಅವಷ್ಟಕ್ಕೆ ಪ್ರತ್ಯೇಕವಾಗಿ ರೆಕಾರ್ಡ್ ಆದ ಕ್ರಮ. ನನ್ನ ಆಯ್ಕೆ ಇದು. ಮೈಲ್ಸ್, ಕೋಲ್ಟ್ರೇನ್ ಇಬ್ಬರನ್ನೂ ಹೀಗೆ ಎರಡೆರಡು ಸಲ ಕೇಳುತ್ತೇನೆ. ದೊಡ್ಡ ಸಾಲಿನಲ್ಲಿ ಒಮ್ಮೆ, ಅವರದೇ ಸಾಲಿನಲ್ಲಿ ಇನ್ನೊಮ್ಮೆ. 78ರಿಂದ ಎತ್ತಿದ ಎಲ್‌ಪಿಗಳನ್ನು ಎಲ್‌ಪಿ ಬಂದ ವರ್ಷದಲ್ಲೇ ಇಡುತ್ತೇನೆ, ಜಾನ್ಸನ್ ಕಾರಣಕ್ಕಾಗಿ.

ಬಿಡುಗಡೆಯ ಕ್ರಮ ಹಿಡಿಯುವವರಿಗೆ ಒಂದೆರಡು ಕೆಲಸದ ಮಾತು. ಮೊದಲ ಬಿಡುಗಡೆಯ ಕಾಲದ್ದೇ ಪ್ರತಿಗಳಿದ್ದರೆ 1958ರವರೆಗೆ ಎಲ್ಲವೂ ಮೋನೋ, ಅಂದರೆ ಒಂದೇ ಚಾನೆಲ್‌ನ ಸದ್ದು. ಆದ್ದರಿಂದ ಮೋನೋ ಕಾರ್ಟ್ರಿಜ್ (ಸೂಜಿ ಇರುವ ಭಾಗ) ಒಮ್ಮೆ ಹಾಕಿದರೆ ಬಹಳ ದಿನ ಬದಲಿಸಬೇಕಿಲ್ಲ. ಮೋನೋ ತಟ್ಟೆಯಲ್ಲಿ ಸಂಗೀತ ಇರುವುದು ಸೂಜಿಯ ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗೆ ಅಲುಗುವುದೆಲ್ಲ ಧೂಳು, ಸವೆತದ ಸದ್ದು. ಮೋನೋ ಕಾರ್ಟ್ರಿಜ್ ಅದನ್ನು ಬಿಟ್ಟುಬಿಡುತ್ತದೆ. ಹಳೆಯ ತಟ್ಟೆ ಎಷ್ಟು ಶಾಂತವಾಗುತ್ತದೆ ಅಂತ ಕೇಳಿಯೇ ನಂಬಬೇಕು. 1958ರಿಂದ ಸುಮಾರು ಹತ್ತು ವರ್ಷ ಎರಡೂ ಬಗೆ ಬೆರೆತು ಬರುತ್ತವೆ. ಆ ಹತ್ತು ವರ್ಷ ಸ್ಟೀರಿಯೋ ಕಾರ್ಟ್ರಿಜ್ ಹಾಕಿ, ಆಂಪ್ಲಿಫೈಯರ್‌ನ ಮೋನೋ ಬಟನ್ ಬಳಸಿ ಸಾಗುವುದು ಸುಲಭ. ಹಳೆಯ ಕಾಲದ ಮೋನೋ ಕಾರ್ಟ್ರಿಜ್‌ನಲ್ಲಿ ಸ್ಟೀರಿಯೋ ತಟ್ಟೆ ಹಾಕಬೇಡಿ, ಸೂಜಿ ಓಡುವ ಗೆರೆ (ಗ್ರೂವ್) ಹಾಳಾಗಬಹುದು.

ಇನ್ನೊಂದು, ಎಷ್ಟೋ ಕಪಾಟುಗಳಲ್ಲಿ 1970ರ ದಶಕದ ತಟ್ಟೆಗಳ ಸಂಖ್ಯೆ ತುಂಬಾ ಜಾಸ್ತಿ. ಅಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತದೆ. ಆಗ ವರ್ಷದ ಒಳಗೆ ತಿಂಗಳ ಕ್ರಮ ಹುಡುಕುತ್ತಾ ಕೂರುವ ಬದಲು, ಒಂದೇ ವರ್ಷದ ತಟ್ಟೆಗಳಲ್ಲಿ ಪ್ರಕಾರ ಬದಲಿಸುತ್ತಾ ಹೋಗಿ. ಒಂದು ರಾಕ್ ಆದ ಮೇಲೆ ಒಂದು ರಾಗ, ಆಮೇಲೆ ಒಂದು ಜಾಝ್. ನಡುವೆ ಹೊಸದಾಗಿ ಕೊಂಡ ಹಳೆಯ ತಟ್ಟೆ ಬಂದರೆ, ಅದು ಈಗ ಕೇಳುತ್ತಿರುವ ದಶಕದ್ದಾದರೆ ಕೂಡಲೇ ಸೇರಿಸಿಕೊಳ್ಳುತ್ತೇನೆ. ದಾಟಿ ಬಂದ ದಶಕದ್ದಾದರೆ ಮುಂದಿನ ಸುತ್ತಿಗೆ ತೆಗೆದಿಡುತ್ತೇನೆ.