ಭೂತಾನದ ಮೂವರನ್ನು ಹುಡುಕಿಕೊಂಡು: ಪ್ಯಾರಾಲಿಂಪಿಕ್ ಸಮಿತಿಯ ಯೂಟ್ಯೂಬ್ ವಾಹಿನಿ ಬಳಸಿದ ಅನುಭವ

ಪ್ಯಾರಾ ಕ್ರೀಡೆಯನ್ನು ತೋರಿಸುವ ಒಂದು ಸೇವೆ ಎಷ್ಟು ಒಳ್ಳೆಯದು ಎಂದು ತಿಳಿಯಬೇಕಾದಾಗ ನಾನು ಮೊದಲು ಅದರಲ್ಲಿ ಭೂತಾನವನ್ನು ಹುಡುಕುತ್ತೇನೆ. ಚಿನ್ನ ಗೆದ್ದವರನ್ನು ಯಾರಾದರೂ ತೋರಿಸಿಯಾರು. ಎಂಟು ಲಕ್ಷ ಜನಸಂಖ್ಯೆಯೂ ಇಲ್ಲದ ದೇಶವೊಂದು 2017ರಲ್ಲಿ ತನ್ನ ಪ್ಯಾರಾಲಿಂಪಿಕ್ ಸಮಿತಿಯನ್ನು ಕಟ್ಟಿಕೊಂಡು, ನಾಲ್ಕೇ ವರ್ಷಗಳಲ್ಲಿ ಟೋಕಿಯೊಗೆ ಕಳುಹಿಸಿದ ಮೂವರ ಸ್ಪರ್ಧೆಯನ್ನು ಮನೆಯಲ್ಲಿ ಕುಳಿತು ಹುಡುಕಿ ನೋಡಲು ದಾರಿ ಇದೆಯೇ ಎಂಬುದು ನನ್ನ ಅಳತೆಗೋಲು. ಅಂತಾರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ಯೂಟ್ಯೂಬ್ ವಾಹಿನಿಯನ್ನು ಈ ಅಳತೆಗೋಲಿನಿಂದಲೇ ಅಳೆದಿದ್ದೇನೆ. ಚಂದಾ ಇಲ್ಲದ ಈ ಸೇವೆಯ ಬಗ್ಗೆ ನನಗೆ ಗೌರವ ಹೆಚ್ಚಿದೆ.

ಆ ಮೂವರೆಂದರೆ ಬಿಲ್ಲುಗಾರ ಪೆಮಾ ರಿಗ್ಸೆಲ್, ಗುಂಡು ಎಸೆತದ ಚಿಮಿ ದೆಮಾ ಮತ್ತು ಗ್ಯೆಲ್ಶೆನ್. ಒಲಿಂಪಿಕ್ಸ್‌ಗೆ ಭೂತಾನ ಬಂದದ್ದು 1984ರಲ್ಲಿ. ಆಗಿನಿಂದ 2008ರವರೆಗೆ ಅಲ್ಲಿಗೆ ಹೋದವರೆಲ್ಲ ಬಿಲ್ಲುಗಾರರೇ. ಪ್ಯಾರಾಲಿಂಪಿಕ್ಸ್‌ನ ಬಾಗಿಲು ಅವರಿಗೆ ತೆರೆದದ್ದು ಅದಾಗಿ 37 ವರ್ಷಗಳ ಮೇಲೆ, 2021ರ ಆಗಸ್ಟ್‌ನಲ್ಲಿ. ಮಾಲ್ಡೀವ್ಸ್ ಕೂಡ ಅದೇ ಕೂಟದಲ್ಲಿ ಮೊದಲ ಹೆಜ್ಜೆ ಇಟ್ಟಿತು ಎಂಬುದನ್ನು ನಮ್ಮ ನೆರೆಹೊರೆಯ ಬಗ್ಗೆ ಕಾಳಜಿ ಇರುವವರು ನೆನಪಿಡಬೇಕು.

ಈ ವಾಹಿನಿಯ ನಿಜವಾದ ಬೆಲೆ ಇರುವುದು ಅದು ಉಳಿಸಿಟ್ಟಿರುವ ದೀರ್ಘ ದಾಖಲೆಗಳಲ್ಲಿ. ಮೂರು ನಿಮಿಷದ ಮುಖ್ಯಾಂಶಗಳ ಜೊತೆಗೆ ಗಂಟೆಗಟ್ಟಲೆ ಸಾಗುವ ಸ್ಪರ್ಧೆಗಳೂ ಅಲ್ಲಿವೆ. ಟೋಕಿಯೊದ ಪುರುಷರ ರಿಕರ್ವ್ (ತುದಿಗಳು ಹೊರಕ್ಕೆ ಬಾಗಿದ ಬಿಲ್ಲು) ಮುಕ್ತ ವಿಭಾಗವನ್ನು ನಮ್ಮಲ್ಲಿ ಹೆಚ್ಚಿನವರು ಹುಡುಕುವುದು ಹರ್ವಿಂದರ್ ಸಿಂಗ್ ಅವರಿಗಾಗಿ. ಪ್ಯಾರಾಲಿಂಪಿಕ್ಸ್‌ನ ಬಿಲ್ಲುಗಾರಿಕೆಯಲ್ಲಿ ಭಾರತಕ್ಕೆ ಮೊದಲ ಪದಕ ತಂದ ಅವರ ಕಂಚಿನ ಪಂದ್ಯ ಶೂಟ್‌ಆಫ್‌ವರೆಗೆ, ಅಂದರೆ ಸಮಬಲ ಮುರಿಯಲು ತಲಾ ಒಂದು ಬಾಣ ಬಿಡುವ ಹಂತದವರೆಗೆ, ಎಳೆದಿತ್ತು. ಪೆಮಾ ರಿಗ್ಸೆಲ್ ಬಿಲ್ಲು ಹಿಡಿದದ್ದೂ ಅದೇ ವಿಭಾಗದಲ್ಲಿ. ಭೂತಾನದ ಸಾಂಪ್ರದಾಯಿಕ ಆಟದಲ್ಲಿ ಗುರಿ ಸುಮಾರು 145 ಮೀಟರ್ ದೂರದಲ್ಲಿರುತ್ತದೆ, ಮರದ ಹಲಗೆ ಒಂದು ಗೇಣಿಗಿಂತ ತುಸು ಹೆಚ್ಚು ಅಗಲವಿರುತ್ತದೆ, ಬಾಣ ನಾಟಿದಾಗ ತಂಡದವರೆಲ್ಲ ಹಾಡಿ ಕುಣಿಯುತ್ತಾರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಗುರಿಫಲಕ 122 ಸೆಂಟಿಮೀಟರ್ ಅಗಲ, ದೂರ 70 ಮೀಟರ್, ಸುತ್ತಲೂ ಮೌನ. ದೂರ ಅರ್ಧಕ್ಕಿಂತ ಕಡಿಮೆಯಾದ ಮಾತ್ರಕ್ಕೆ ಆಟ ಸುಲಭವಾಗುವುದಿಲ್ಲ. ಶ್ರೇಯಾಂಕದ ಸುತ್ತಿನ 72 ಬಾಣಗಳಲ್ಲಿ ಒಂದೊಂದಕ್ಕೂ ಹತ್ತರೊಳಗಿನ ಅಂಕ ಬೀಳುತ್ತಾ ಹೋಗುವ ಲೆಕ್ಕವೇ ಬೇರೆ ಬಗೆಯ ಸಹನೆಯನ್ನು ಬೇಡುತ್ತದೆ. ಈ ವ್ಯತ್ಯಾಸ ನನಗೆ ಮನದಟ್ಟಾದದ್ದು ಪದಕದ ಪಂದ್ಯಗಳನ್ನು ಬಿಟ್ಟು ಉಳಿದವನ್ನು ನಿಧಾನವಾಗಿ ನೋಡಿದಾಗ.

ಗುಂಡು ಎಸೆತದ ವಿಷಯದಲ್ಲಿ ಪೂರ್ಣ ದಾಖಲೆಯ ಅಗತ್ಯ ಇನ್ನೂ ಹೆಚ್ಚು. ಚಿಮಿ ದೆಮಾ ಮತ್ತು ಗ್ಯೆಲ್ಶೆನ್ ಸ್ಪರ್ಧಿಸಿದ್ದು ಕುಬ್ಜ ದೇಹದವರ ಎಫ್40 ವರ್ಗದಲ್ಲಿ. ಇಲ್ಲಿ ಎತ್ತರದ ಮಿತಿ ಪುರುಷರಿಗೆ 130, ಮಹಿಳೆಯರಿಗೆ 125 ಸೆಂಟಿಮೀಟರ್, ಗುಂಡಿನ ತೂಕ ಕ್ರಮವಾಗಿ 4 ಮತ್ತು 3 ಕಿಲೋ. ಮೊದಲ ಮೂರು ಎಸೆತಗಳ ನಂತರ ಅಗ್ರ ಎಂಟು ಮಂದಿಗೆ ಮಾತ್ರ ಇನ್ನೂ ಮೂರು ಎಸೆತಗಳು ಸಿಗುತ್ತವೆ. ಹೊಸದಾಗಿ ಬಂದ ದೇಶದ ಆಟಗಾರನೊಬ್ಬನ ವರ್ಷಗಳ ತಯಾರಿ ಮೂರೇ ಎಸೆತಗಳಲ್ಲಿ ಮುಗಿದುಹೋಗಬಹುದು, ಅವನ್ನು ಕತ್ತರಿಸಿಬಿಟ್ಟರೆ ನೋಡುಗನ ಪಾಲಿಗೆ ಆತ ಅಲ್ಲಿಗೆ ಬಂದೇ ಇಲ್ಲ. ಟೋಕಿಯೊದ ಪುರುಷರ ಫೈನಲ್‌ನಲ್ಲಿ ಚಿನ್ನ 11.16 ಮೀಟರ್‌ಗೆ, ಬೆಳ್ಳಿ 11.15ಕ್ಕೆ ಹೋಯಿತು; ಆ ಒಂದು ಸೆಂಟಿಮೀಟರ್ ರೋಚಕವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಅದನ್ನಷ್ಟೇ ನೋಡಿದರೆ ಗ್ಯೆಲ್ಶೆನ್ ಕಾಣುವುದಿಲ್ಲ. ಹಿಂದೆ ನಾನು ಹಣ ತೆತ್ತು ಪಡೆದಿದ್ದ ಒಂದು ಕ್ರೀಡಾ ಆ್ಯಪ್‌ನಲ್ಲಿ ಆದದ್ದು ಇದೇ: ಒಂದಿಡೀ ಎಸೆತದ ಫೈನಲ್ ಮೂರು ಪದಕಗಳ ಮೂರು ಎಸೆತಗಳಿಗೆ ಇಳಿದಿತ್ತು, ಭೂತಾನ ಎಂದು ಬರೆದು ಹುಡುಕಿದರೆ ಪರದೆ ಖಾಲಿ ಬಂದಿತ್ತು. ವರ್ಷದ ಚಂದಾ ಮುಗಿದ ಮೇಲೆ ಅದನ್ನು ನವೀಕರಿಸಲು ಮನಸ್ಸು ಬರಲಿಲ್ಲ.

ಹೊಸಬರಿಗೆ ಒಂದು ಸಲಹೆ. ದೇಶದ ಹೆಸರಿಗಿಂತ ಕ್ರೀಡೆ, ವರ್ಗ ಮತ್ತು ಕೂಟದ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟು ಹುಡುಕುವುದು ಒಳ್ಳೆಯದು, ಏಕೆಂದರೆ ಶೀರ್ಷಿಕೆಗಳು ಸಾಮಾನ್ಯವಾಗಿ ಆ ರೀತಿಯಲ್ಲೇ ಇರುತ್ತವೆ. ಸಮಿತಿಯ ಜಾಲತಾಣದ ಫಲಿತಾಂಶ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಯಾರ ಸರದಿ ಯಾವಾಗ ಎಂಬುದನ್ನು ಹಿಡಿಯಬಹುದು. ವೀಕ್ಷಕ ವಿವರಣೆ ಇಂಗ್ಲಿಷಿನದು. ಎಫ್40 ಎಂದರೇನು, ಎಫ್41ಕ್ಕೂ ಅದಕ್ಕೂ ಏನು ಅಂತರ ಎಂಬುದನ್ನು ಕನ್ನಡದಲ್ಲಿ ಎರಡು ನಿಮಿಷ ಹೇಳುವ ಧ್ವನಿಯೊಂದು ಸಿಕ್ಕರೆ ನನ್ನ ಅಮ್ಮನಂಥವರೂ ಪಕ್ಕದಲ್ಲಿ ಕುಳಿತು ಕೊನೆಯವರೆಗೆ ನೋಡಿಯಾರು. ನಮ್ಮ ಕನ್ನಡ ಕ್ರೀಡಾ ಪತ್ರಕರ್ತರು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ.

ಇಷ್ಟು ಚಿಕ್ಕ ತಂಡದ ಹಿಂದೆ ಏಕೆ ಬಿದ್ದಿದ್ದೀರಿ ಎಂದು ಗೆಳೆಯರು ಕೇಳುತ್ತಾರೆ. 2012ರ ಲಂಡನ್ ಕೂಟಕ್ಕೆ ಭಾರತದಿಂದ ಹೋದವರು ಹತ್ತೇ ಜನ. ಬಂದದ್ದು ಒಂದೇ ಪದಕ, ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ಗೆದ್ದ ಬೆಳ್ಳಿ. ಅಂದು ಜಗತ್ತಿನ ಕಣ್ಣಿಗೆ ನಾವೂ ಚಿಕ್ಕ ತಂಡವೇ ಆಗಿದ್ದೆವು. ಟೋಕಿಯೊಗೆ ಮೂವರು ಹೋಗಿದ್ದ ಭೂತಾನದಿಂದ 2024ರ ಪ್ಯಾರಿಸ್‌ಗೆ ಹೋದದ್ದು ಒಬ್ಬರೇ, ಶೂಟಿಂಗ್‌ನ ಕಿನ್ಲೆ ದೆಮ್. ಈ ವಾಹಿನಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ದೇಶವಾರು ಪಟ್ಟಿಯೊಂದನ್ನು ಮಾಡಿ, ಒಬ್ಬರೇ ಬಂದಿರುವ ದೇಶದ ಆ ಒಬ್ಬರ ಸ್ಪರ್ಧೆಗೆ ನೇರವಾಗಿ ಕರೆದೊಯ್ಯುವ ಕೊಂಡಿಗಳನ್ನು ಕೊಟ್ಟ ದಿನ ಐದನೆಯದನ್ನೂ ಸೇರಿಸುತ್ತೇನೆ.