ಇಎಲ್ ಪ್ಯಾನೆಲ್‌ನಲ್ಲಿ ಬೂದು ಛಾಯೆ: ಮೂರು ವಿಧಾನ, ಒಂದೇ ಪರದೆ

ಅಂಬರ್ ಬೆಳಕಿನ ಎಲೆಕ್ಟ್ರೋಲೂಮಿನೆಸೆಂಟ್ (ಇಎಲ್, ಅಂದರೆ ವೋಲ್ಟೇಜ್ ಕೊಟ್ಟಾಗ ತೆಳು ಪದರವೇ ಬೆಳಗುವ) ಪ್ಯಾನೆಲ್ ಒಂದಕ್ಕೆ, ಅದನ್ನು ನಡೆಸುವ ಡ್ರೈವರ್ ಬೋರ್ಡ್ ನಾನೇ ಕಟ್ಟಿ, ಬೂದು ಛಾಯೆ ತರುವ ಮೂರು ವಿಧಾನಗಳನ್ನು ಒಂದೇ ಚಿತ್ರದ ಮೇಲೆ ಹಚ್ಚಿ ನೋಡಿದೆ. 320×240 ಪಿಕ್ಸೆಲ್, ಸೆಕೆಂಡಿಗೆ 60 ಫ್ರೇಮ್. ಪೂರ್ತಿ ಬೆಳಕಿನಲ್ಲಿ ಮೂರೂ ಒಂದೇ. ನಿಜವಾದ ಪರೀಕ್ಷೆ ಇರುವುದು ಕಪ್ಪಿನ ಪಕ್ಕದ ಮೊದಲ ಮೆಟ್ಟಿಲಲ್ಲಿ, ಅಂದರೆ ಅತಿ ಮಂದ ಛಾಯೆಯಲ್ಲಿ.

ಮೊದಲನೆಯದು, ಕಾಲಂ (ಪಿಕ್ಸೆಲ್‌ಗಳ ಲಂಬ ಸಾಲು) ವೋಲ್ಟೇಜ್ ಏರಿಳಿಸುವುದು. ಹೊಸ್ತಿಲು ವೋಲ್ಟೇಜ್ ದಾಟುವ ತನಕ ಪಿಕ್ಸೆಲ್ ಕಪ್ಪಗಿರುತ್ತದೆ, ದಾಟಿದ್ದೇ ತಡ ಬೆಳಕು ಕಡಿದಾಗಿ ಏರುತ್ತದೆ. ನಡುವಿನ ಛಾಯೆಗಳು ತುಂಬ ನುಣುಪಾಗಿ ಬಂದವು. ಆದರೆ ಬೆಳಗುವ ಪದರದ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ, ಹೊಸ್ತಿಲೂ ಅದರ ಜೊತೆ ಸರಿಯುತ್ತದೆ. ಅತಿ ಮಂದ ಛಾಯೆಯನ್ನು ಪರದೆ ತುಂಬ ಹರಡಿದಾಗ ಒಂದು ಮೂಲೆ ಬೆಳಗಿತು, ಎದುರು ಮೂಲೆ ಪೂರ್ತಿ ಕಪ್ಪು.

ಎರಡನೆಯ, ಫ್ರೇಮ್‌ಗಳನ್ನು ಬಿಟ್ಟು ಬಿಟ್ಟು ಬೆಳಗಿಸುವ ವಿಧಾನದಲ್ಲಿ ಈ ಮಚ್ಚೆಗಳು ಮಾಯ, ಏಕೆಂದರೆ ಪಿಕ್ಸೆಲ್ ಉರಿದಾಗಲೆಲ್ಲ ಪೂರ್ತಿ ಉರಿಯುತ್ತದೆ. ತೊಡಕು ಬೇರೆ ಕಡೆ ಇದೆ. 1974ರಲ್ಲಿ ಜಪಾನಿನ ಶಾರ್ಪ್ ಕಂಪನಿಯ ಇನೊಗುಚಿ ತಂಡ ತೋರಿಸಿದ ರಚನೆಯಂತೆ ಇಲ್ಲೂ ಫಾಸ್ಫರ್, ಅಂದರೆ ಬೆಳಗುವ ಪದರ, ಎರಡು ನಿರೋಧಕ ಪದರಗಳ ನಡುವೆ ಕೂತಿದೆ. ಒಂದು ಪಲ್ಸ್ (ಕ್ಷಣಕಾಲದ ವೋಲ್ಟೇಜ್) ಸರಿಸಿದ ಚಾರ್ಜ್ ಅಂಚಿನಲ್ಲೇ ಸಿಕ್ಕಿಕೊಂಡು ಮುಂದಿನ ಪಲ್ಸ್‌ಗಾಗಿ ಕಾಯುತ್ತದೆ. ಆ ಪಲ್ಸ್ ಉಲ್ಟಾ ಧ್ರುವದ್ದಾದರೆ ಒಳ್ಳೆಯ ಬೆಳಕು, ಅದೇ ಧ್ರುವದ್ದಾದರೆ ಮಂಕು. ಹಾಗಾಗಿ ಫ್ರೇಮ್‌ಗಳನ್ನು ಪ್ಲಸ್-ಮೈನಸ್ ಜೋಡಿಯಾಗಿಯೇ ಬಳಸಬೇಕು. ಬರೀ ನಾಲ್ಕು ಮಟ್ಟ ಬೇಕೆಂದರೂ ಅತಿ ಮಂದ ಛಾಯೆ ಮೂರು ಜೋಡಿಗಳಲ್ಲಿ ಒಂದರಲ್ಲಷ್ಟೇ ಉರಿದು ಆರು ಫ್ರೇಮ್‌ಗೊಮ್ಮೆ ಮರುಕಳಿಸುತ್ತದೆ, ಅಂದರೆ 10 ಹರ್ಟ್ಸ್. ಕಣ್ಣು ಅದನ್ನು ಸಹಿಸದು. ಅಕ್ಕಪಕ್ಕದ ಪಿಕ್ಸೆಲ್‌ಗಳ ಸರದಿ ಬದಲಿಸಿದಾಗ ಮಿನುಗು ಇಳಿಯಿತು, ಬದಲಿಗೆ ಬೂದು ಜಾಗವೆಲ್ಲ ಹರಿದಾಡತೊಡಗಿತು. ಫ್ರೇಮ್ ದರವನ್ನು 240ಕ್ಕೆ ಏರಿಸೋಣವೆಂದರೆ ಸಾಲಿಗೆ ಸಿಗುವುದು ಸುಮಾರು 17 ಮೈಕ್ರೋಸೆಕೆಂಡ್ ಮಾತ್ರ, ವಿದ್ಯುತ್ ಬಳಕೆಯೂ ಏರುತ್ತದೆ.

ನನ್ನ ಓಟು ಮೂರನೆಯದಕ್ಕೆ, ಪಲ್ಸ್ ಅಗಲ (ಅದು ಇರುವ ಹೊತ್ತು) ಬದಲಿಸುವ ವಿಧಾನಕ್ಕೆ. 60 ಫ್ರೇಮ್‌ನಲ್ಲಿ ಸಾಲಿಗೆ ಸುಮಾರು 69 ಮೈಕ್ರೋಸೆಕೆಂಡ್ ಇದೆ, ಅದನ್ನು ಹಂಚಿಕೊಂಡರಾಯಿತು. ಪಾರದರ್ಶಕ ಕಾಲಂ ತಂತಿಗಳ ರೋಧದಿಂದಾಗಿ ಕಿರಿದಾದ ಪಲ್ಸ್ ಡ್ರೈವರ್‌ನಿಂದ ದೂರದ ಸಾಲುಗಳಿಗೆ ಸೊರಗಿ ತಲುಪುತ್ತದೆ, ನಿಜ. ಆದರೆ ಈ ಕುಸಿತಕ್ಕೆ ಒಂದು ಕ್ರಮವಿದೆ. ದೂರದ ಸಾಲುಗಳಿಗೆ ಪಲ್ಸನ್ನು ತುಸು ಉದ್ದ ಮಾಡುವ ಕೋಷ್ಟಕ ಹಾಕಿದೆ, ಎಂಟು ಮಟ್ಟಗಳು ಬೇರೆಬೇರೆಯಾಗಿ ನಿಂತವು. ವೋಲ್ಟೇಜ್ ವಿಧಾನದ ಮಚ್ಚೆಗಳನ್ನು ಹೀಗೆ ಸರಿಪಡಿಸಬೇಕಾದರೆ ಪರದೆಯ ಪ್ರತಿ ಭಾಗವನ್ನೂ ಅಳೆಯಬೇಕು.

ದೀಪ ಹಾಕಿದ ಕೋಣೆಯಲ್ಲಿ ಮಾತ್ರ ಮೂರೂ ಸೋತವು. ಹಿಂಬದಿಯ ಅಲ್ಯೂಮಿನಿಯಂ ಎಲೆಕ್ಟ್ರೋಡ್ ಕನ್ನಡಿಯೇ ಸರಿ, ಕೆಳಗಿನ ಮಟ್ಟಗಳೆಲ್ಲ ಆ ಪ್ರತಿಫಲನದಲ್ಲಿ ಮುಳುಗಿದವು. ಮುಂದೆ ಸರ್ಕ್ಯುಲರ್ ಪೋಲರೈಸರ್ (ಪ್ರತಿಫಲಿಸಿ ಮರಳುವ ಬೆಳಕನ್ನು ತಡೆಯುವ ಫಿಲ್ಟರ್) ಕೂರಿಸಿದಾಗ ಪ್ಯಾನೆಲ್ಲಿನ ಅರ್ಧಕ್ಕಿಂತ ಹೆಚ್ಚು ಬೆಳಕು ಹೋಯಿತು, ಆದರೂ ಮೊದಲ ಮೆಟ್ಟಿಲು ಮತ್ತೆ ಕಂಡಿತು. ಮಟ್ಟಗಳನ್ನು ಎಂಟರಿಂದ ಹದಿನಾರಕ್ಕೆ ಏರಿಸುವ ಯೋಚನೆ ಇದ್ದವರು ಮೊದಲು ಆ ಫಿಲ್ಟರ್ ಹಾಕಿಕೊಳ್ಳಲಿ.