ಟರ್ಬೊ ಕಾರಿಗೆ 272 ಡಿಗ್ರಿ ಕ್ಯಾಮ್ ಹಾಕಿಸಿ ನಾನು ಪಟ್ಟ ಪಾಡು

ಕಳೆದ ಜುಲೈನಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಅಮ್ಮ. ಜಡಿಮಳೆ, ಹತ್ತು ಮಾರು ದೂರ ಕಾಣದಂಥ ಮಂಜು. ತಿರುವೊಂದರಲ್ಲಿ ಎದುರಿನಿಂದ ಹತ್ತುತ್ತಿದ್ದ ಬಸ್ಸಿಗೆ ದಾರಿ ಬಿಡಬೇಕಾಯಿತು. ಕ್ಲಚ್ ಒತ್ತಿಕೊಂಡು, ಬ್ರೇಕ್ ಬಿಟ್ಟು ಹಿಡಿದು, ಕಾರನ್ನು ಅಂಗುಲ ಅಂಗುಲವಾಗಿ ಜಾರಿಸುತ್ತಿದ್ದೆ. ನಾಲ್ಕನೆಯ ಸಲ ಒತ್ತಿದಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಕಾರು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಪೆಡಲ್ ತುಳಿದಾಗ ಬಸ್ಸಿಗೂ ನಮಗೂ ನಡುವೆ ಒಂದು ಗೇಣು ಉಳಿದಿತ್ತು. ಅಮ್ಮ ಇಂದಿಗೂ ಆ ಕಾರಿನಲ್ಲಿ ಘಾಟಿ ಇಳಿಯಲು ಒಪ್ಪುವುದಿಲ್ಲ.

ಬ್ರೇಕಿನಲ್ಲಿ ದೋಷವೇನೂ ಇರಲಿಲ್ಲ. ಹೊಣೆಯೆಲ್ಲ ಅದಕ್ಕೆ ಎರಡು ತಿಂಗಳ ಮೊದಲು ಎಂಜಿನ್ನಿಗೆ ಹಾಕಿಸಿದ್ದ ಕ್ಯಾಮ್‌ಶಾಫ್ಟ್‌ಗಳದ್ದು, ಅಂದರೆ ಗಾಳಿ ಒಳಬರುವ, ಹೊಗೆ ಹೊರಹೋಗುವ ವಾಲ್ವ್‌ಗಳನ್ನು ತೆರೆಯುವ ದಂಡಗಳದ್ದು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಹುಡುಗರು ಟರ್ಬೊ ಪೆಟ್ರೋಲ್ ಕಾರುಗಳಿಗೆ ಇಂಥ ಕೆಲಸ ಮಾಡಿಸಲು ಹೊರಟಿದ್ದಾರೆಂದು ಕೇಳುತ್ತಿದ್ದೇನೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನನ್ನದು 1.4 ಲೀಟರಿನ, 16 ವಾಲ್ವಿನ, ಚಿಕ್ಕ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಸಾಧನ) ಇರುವ ಸೆಡಾನ್. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ತಿದ್ದುಪಡಿ) ಮೊದಲೇ ಆಗಿತ್ತು, ಚೆನ್ನಾಗಿಯೇ ಓಡುತ್ತಿತ್ತು. ಬೆಂಗಳೂರಿನ ಒಂದು ವರ್ಕ್‌ಶಾಪಿನವರು, "272 ಡಿಗ್ರಿ ಕ್ಯಾಮ್ ಹಾಕಿಸಿ, ಮೂವತ್ತು ಕುದುರೆ ಶಕ್ತಿ ಹೆಚ್ಚುತ್ತದೆ" ಎಂದರು. ಎಂಜಿನ್ ತಿರುಗುವಾಗ ವಾಲ್ವ್ ಎಷ್ಟು ಡಿಗ್ರಿಗಳ ಕಾಲ ತೆರೆದಿರುತ್ತದೆ ಎಂಬ ಲೆಕ್ಕ ಈ 272. ಯಾವ ಎಂಜಿನ್ನಿಗಾಗಿ ವಿನ್ಯಾಸ ಮಾಡಿದ ಕ್ಯಾಮ್, ಎಷ್ಟು ಲಿಫ್ಟ್ (ವಾಲ್ವನ್ನು ಎಷ್ಟು ಎತ್ತುತ್ತದೆ), ಯಾವ ಸ್ಪ್ರಿಂಗ್ ಬೇಕು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನನ್ನ ಕಾರಿನ ಮೂಲ ಕ್ಯಾಮ್‌ಗಳನ್ನು ಬದಲಿಯಾಗಿ ಇಟ್ಟುಕೊಂಡು, ಹಳೆಯ ಕ್ಯಾಮ್‌ಗಳನ್ನು ಉಜ್ಜಿ ಆಕಾರ ಬದಲಿಸಿದ ಜೋಡಿಯೊಂದನ್ನು ಕೂರಿಸಿದರು. ವಾಲ್ವನ್ನು ಮುಚ್ಚುವ ಸ್ಪ್ರಿಂಗ್‌ಗಳೂ, ಕ್ಯಾಮ್ ಮತ್ತು ವಾಲ್ವಿನ ನಡುವಿನ ಟ್ಯಾಪೆಟ್‌ಗಳೂ ಹಳೆಯವೇ.

ಕಾರು ಕೈಗೆ ಬಂದ ದಿನವೇ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ನಡುಗುತ್ತಿತ್ತು. ರೇಸಿಂಗ್ ಕ್ಯಾಮ್ ಇರುವುದೇ ಹಾಗೆ ಎಂದರು, ನಂಬಿದೆ. ಮೊದಲು 1,900 ಆರ್‌ಪಿಎಂ ದಾಟುತ್ತಲೇ ಎಳೆಯುತ್ತಿದ್ದ ಗಾಡಿ ಈಗ 2,800ರ ತನಕ ಏದುಸಿರು ಬಿಡುತ್ತಿತ್ತು. ನಮ್ಮ ರಸ್ತೆಗಳಲ್ಲಿ ಎಂಜಿನ್ ತಿರುಗುವುದೇ 1,800ರಿಂದ 3,500ರ ನಡುವೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದೊಂದನ್ನು ದಾಟುವಾಗಲೂ ಎಂಜಿನ್ ಆ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿದ್ದ ಬಲವನ್ನು ಕಿತ್ತು 6,000ಕ್ಕೆ ಒಯ್ದಿದ್ದರು. ಅಲ್ಲೂ ಅದು ಸಿಗಲಿಲ್ಲ. 5,500 ದಾಟಿದರೆ ಎಂಜಿನ್ ಕೆಮ್ಮುತ್ತಿತ್ತು. ಘಾಟಿಯ ಆ ಘಟನೆಯಾದ ಕೆಲವೇ ದಿನಗಳಲ್ಲಿ ಕ್ಯಾಮ್, ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗದಿಂದ (ಹೆಡ್) ಟಕಟಕ ಶಬ್ದವೂ ಶುರುವಾಯಿತು. ಅಷ್ಟರಲ್ಲಿ ಓಡಿದ್ದು 1,800 ಕಿಲೋಮೀಟರ್.

ಕೊನೆಗೆ ಕಾರನ್ನು ಶಿವಮೊಗ್ಗದ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಒಯ್ದೆ. ಬಾನೆಟ್ ಎತ್ತುವ ಮೊದಲೇ ಅವರು, "ಕ್ಯಾಮ್ ಕಾರ್ಡ್ ಎಲ್ಲಿದೆ?" ಎಂದು ಕೇಳಿದರು. ವಾಲ್ವ್ ಯಾವ ಡಿಗ್ರಿಯಲ್ಲಿ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ, ಎಷ್ಟು ಮಿಲಿಮೀಟರ್ ಏಳುತ್ತದೆ ಎಂದು ತಯಾರಕರು ಬರೆದುಕೊಡುವ ಚೀಟಿ ಅದು. ನನ್ನ ಬಳಿ ಇರಲಿಲ್ಲ. "ಚೀಟಿಯೇ ಇಲ್ಲದ ಔಷಧ ಕುಡಿದಿದ್ದೀರಿ" ಎಂದರು. ನಕ್ಕು ಹೇಳಿದ ಮಾತಲ್ಲ ಅದು.

ಆಮೇಲೆ ಅವರೇ ಡಿಗ್ರಿ ಚಕ್ರವನ್ನೂ ಡಯಲ್ ಗೇಜನ್ನೂ ಕಟ್ಟಿ ಅಳೆದರು. ಎರಡೂ ಕ್ಯಾಮ್‌ಗಳು 272 ಡಿಗ್ರಿ, ಅವುಗಳ ಲೋಬ್‌ಗಳ (ವಾಲ್ವನ್ನು ಒತ್ತುವ ಉಬ್ಬುಗಳ) ನಡುವಿನ ಕೋನ 110. 272ರಿಂದ 110ರ ಎರಡರಷ್ಟು, ಅಂದರೆ 220 ಕಳೆದರೆ 52. ಅಷ್ಟು ಡಿಗ್ರಿಗಳ ಕಾಲ ಒಳವಾಲ್ವ್, ಹೊರವಾಲ್ವ್ ಎರಡೂ ಒಟ್ಟಿಗೆ ತೆರೆದಿರುತ್ತವೆ. ಇದೇ ಓವರ್‌ಲ್ಯಾಪ್. ನನ್ನ ಮೂಲ ಕ್ಯಾಮ್‌ಗಳು 236 ಡಿಗ್ರಿ, ಕೋನ 114. ಅಲ್ಲಿ ಓವರ್‌ಲ್ಯಾಪ್ ಬರೀ 8.

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಓವರ್‌ಲ್ಯಾಪ್ ಉಪಕಾರಿ. ಹೊರಹೋಗುವ ಹೊಗೆಯ ವೇಗವೇ ಹೊಸ ಗಾಳಿಯನ್ನು ಒಳಗೆ ಸೆಳೆಯುತ್ತದೆ. ಕಾರ್ಖಾನೆಯಿಂದ ಬರುವ ಚಿಕ್ಕ ಟರ್ಬೊದ ಸಂಗತಿಯೇ ಬೇರೆ. ಬೇಗ ತಿರುಗಲೆಂದು ಅದರ ಟರ್ಬೈನನ್ನು ಇಕ್ಕಟ್ಟಾಗಿ ಮಾಡಿರುತ್ತಾರೆ. ಪೂರ್ತಿ ಹೊರೆಯಲ್ಲಿ ಟರ್ಬೈನಿನ ಮುಂದಿನ ಹೊಗೆಯ ಒತ್ತಡ ಟರ್ಬೊ ತುಂಬುವ ಗಾಳಿಯ ಒತ್ತಡಕ್ಕಿಂತಲೂ (ಬೂಸ್ಟ್) ಹೆಚ್ಚಾಗುವುದುಂಟು. ಆಗ ಎರಡೂ ವಾಲ್ವ್ ತೆರೆದಿದ್ದರೆ ಬಿಸಿ ಹೊಗೆ ತಿರುಗಿ ಒಳಗೇ ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ನಾಕಿಂಗ್ (ಇಂಧನ ಹೊತ್ತಿಗೆ ಮುಂಚೆ ತಾನಾಗಿ ಸಿಡಿಯುವುದು) ಹೆಚ್ಚುತ್ತದೆ. ಒಳವಾಲ್ವ್ ತಡವಾಗಿ ಮುಚ್ಚುವುದರಿಂದ ಕೆಳಗಿನ ಆರ್‌ಪಿಎಂನಲ್ಲಿ ಸಿಲಿಂಡರಿಗೆ ಬಂದ ಗಾಳಿಯೂ ಹಿಂದಕ್ಕೆ ಹೋಗುತ್ತದೆ. ಐಡಲ್‌ನಲ್ಲಿಯೂ ಹೊಗೆ ಹೀಗೆಯೇ ಇನ್‌ಟೇಕ್ ಕಡೆಗೆ ಮರಳಿ, ಅಲ್ಲಿನ ನಿರ್ವಾತ ಕುಗ್ಗುತ್ತದೆ. ಪೆಡಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ನಡೆಯುವುದು ಆ ನಿರ್ವಾತದಿಂದಲೇ. ಆರೋಗ್ಯವಂತ ಎಂಜಿನ್ನಿನಲ್ಲಿ 17ರಿಂದ 20 ಇಂಚು ಪಾದರಸದಷ್ಟು ತೋರಿಸುವ ಗೇಜು ನನ್ನ ಕಾರಿನಲ್ಲಿ 10 ತೋರಿಸಿತು. ಘಾಟಿಯ ತಿರುವಿನಲ್ಲಿ ಪೆಡಲ್ ಯಾಕೆ ಕಲ್ಲಾಯಿತೆಂದು ಆ ಮುಳ್ಳು ನೋಡಿದಾಗ ತಿಳಿಯಿತು. ಮೈ ತಣ್ಣಗಾಯಿತು.

ಇನ್ನು ಸ್ಪ್ರಿಂಗ್. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನನ್ನ ಒಳವಾಲ್ವಿನ ತಲೆ 32 ಮಿಲಿಮೀಟರ್ ಅಗಲ, ವಿಸ್ತೀರ್ಣ ಸುಮಾರು 8 ಚದರ ಸೆಂಟಿಮೀಟರ್. 1.2 ಬಾರ್ ಬೂಸ್ಟ್ ಅದರ ಬೆನ್ನ ಮೇಲೆ ಸುಮಾರು ಹತ್ತು ಕೆ.ಜಿ. ಬಲದಿಂದ ಒತ್ತುತ್ತದೆ. ವಾಲ್ವನ್ನು ಮುಚ್ಚಿ ಹಿಡಿಯಬೇಕಾದ ಸ್ಪ್ರಿಂಗಿನ ಬಲ ಅಳೆದಾಗ 22 ಕೆ.ಜಿ. ಇತ್ತು. ಹತ್ತಿರ ಹತ್ತಿರ ಅರ್ಧ ಬಲ ಬೂಸ್ಟಿಗೇ ಹೋಯಿತು. ಹಳೆಯ ಲೋಬಿಗೆ ಅದು ಹೇಗೋ ಸಾಲುತ್ತಿತ್ತು. ಹೊಸ ಲೋಬ್ ವಾಲ್ವನ್ನು ಇನ್ನೂ ಜೋರಾಗಿ ಎತ್ತಿ ಎಸೆಯುತ್ತದೆ, ಸ್ಪ್ರಿಂಗ್ ಅದನ್ನು ಹಿಡಿದು ತರಲಾರದೆ ಹೋಯಿತು. 5,500ರ ಕೆಮ್ಮಿಗೆ ಇದೇ ಕಾರಣ. ಹೆಡ್ ಬಿಚ್ಚಿದಾಗ ಎರಡು ಪಿಸ್ಟನ್‌ಗಳ ಮೇಲೆ ವಾಲ್ವ್ ತಗುಲಿದ ಅರ್ಧಚಂದ್ರದ ಗುರುತುಗಳಿದ್ದವು. ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ರಿಟೈನರ್ ಕೆಳಗಿಳಿದು ವಾಲ್ವ್ ಸೀಲಿಗೂ ಬಡಿದಿತ್ತು. ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರವನ್ನು ಜೇಡಿಮಣ್ಣಿಟ್ಟು ಅಳೆಯುವುದಕ್ಕೆ ಅರ್ಧ ದಿನ ಸಾಕು. ಆ ಅರ್ಧ ದಿನವನ್ನು ಅವರು ನನ್ನ ಕಾರಿಗೆ ಕೊಟ್ಟಿರಲಿಲ್ಲ.

ಟಕಟಕ ಶಬ್ದದ ಮೂಲವೂ ಸಿಕ್ಕಿತು. ಲೋಬುಗಳ ಮೂಗು ಸವೆದು ಹೋಗಿತ್ತು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ನನ್ನ ಭಾವ ಕ್ಯಾಮನ್ನು ಒಯ್ದು ಗಡಸುತನ ಪರೀಕ್ಷಿಸಿಕೊಟ್ಟರು. ಉಜ್ಜದೆ ಬಿಟ್ಟ ಕಡೆ ರಾಕ್‌ವೆಲ್ ಅಳತೆಯಲ್ಲಿ 52, ಉಜ್ಜಿದ ಮೂಗಿನಲ್ಲಿ 36. ಗಟ್ಟಿ ಪದರವನ್ನು ಉಜ್ಜಿ ತೆಗೆದು ಮೆದುವಾದ ಲೋಹವನ್ನು ಟ್ಯಾಪೆಟ್ ಮೇಲೆ ಓಡಿಸಿದ್ದರು, ಅದೂ ಹಳೆಯ ಟ್ಯಾಪೆಟ್ ಮೇಲೆ. ಆಯಿಲ್ ಫಿಲ್ಟರ್ ಕತ್ತರಿಸಿ ಬಿಡಿಸಿದರೆ ಒಳಗೆಲ್ಲ ಲೋಹದ ಪುಡಿ ಮಿನುಗುತ್ತಿತ್ತು. ಅದೇ ಎಣ್ಣೆ ಟರ್ಬೊದ ಬೇರಿಂಗಿಗೂ ಹೋಗಿ ಅದನ್ನೂ ಕೆಡಿಸಿತ್ತು. ಕ್ಯಾಮ್, ಟ್ಯಾಪೆಟ್, ವಾಲ್ವ್‌ಗಳು, ಟರ್ಬೊ ರಿಪೇರಿ, ಕೂಲಿ ಎಲ್ಲ ಸೇರಿ 1,38,000 ರೂಪಾಯಿ.

ವಿಮೆಯನ್ನಂತೂ ನೆಚ್ಚಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನೀಡಿದ ವಿವರಗಳಿಂದ ವಾಹನವನ್ನು ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಆ ತಿರುವಿನಲ್ಲಿ ಬಸ್ಸಿಗೆ ಗುದ್ದಿದ್ದರೆ ನಾನು ಯಾರ ಮುಂದೆ ನಿಲ್ಲಬೇಕಿತ್ತೋ.

ಇಷ್ಟೆಲ್ಲ ಓದಿಯೂ ಟ್ರ್ಯಾಕಿಗೆಂದೇ ಕ್ಯಾಮ್ ಹಾಕಿಸುವವರಿದ್ದರೆ, ಟರ್ಬೊಗೆಂದೇ ಮಾಡಿದ, ಓವರ್‌ಲ್ಯಾಪ್ ಕಡಿಮೆ ಇರುವ ಕ್ಯಾಮ್ ಕೇಳಿ. ಡ್ಯುರೇಷನ್, ಅಂದರೆ ವಾಲ್ವ್ ತೆರೆದಿರುವ ಡಿಗ್ರಿಗಳ ಲೆಕ್ಕ, ಎಷ್ಟು ಲಿಫ್ಟಿನಲ್ಲಿ ಅಳೆದದ್ದೆಂದು ಕೇಳಿ. ಸೀಟಿನಿಂದಲೇ ಅಳೆದ 272ಕ್ಕೂ 1 ಮಿಲಿಮೀಟರಿನಲ್ಲಿ ಅಳೆದ 272ಕ್ಕೂ ಅಜಗಜಾಂತರ. ಸ್ಪ್ರಿಂಗ್, ರಿಟೈನರ್, ಹೊಸ ಟ್ಯಾಪೆಟ್ ಮತ್ತು ಕ್ಯಾಮ್ ಬದಲಾದ ಮೇಲಿನ ಮ್ಯಾಪಿಂಗ್ ಒಂದೇ ಬಿಲ್ಲಿನಲ್ಲಿ ಬರಲಿ. ಮೂಲ ಕ್ಯಾಮ್‌ಗಳನ್ನು ಯಾವ ಕಾರಣಕ್ಕೂ ಅವರ ಬಳಿ ಬಿಟ್ಟು ಬರಬೇಡಿ. ನನ್ನವನ್ನು ನಾಲ್ಕು ಸಲ ಕೇಳಿದೆ. ಈಗ ಫೋನನ್ನೇ ಎತ್ತುತ್ತಿಲ್ಲ.